ಘಾಟಿ ಹತ್ತಲು ಎಷ್ಟು ಎಚ್‌ಪಿ ಬೇಕು?

9ನೇ ತರಗತಿಯ ‘ಸಾಮರ್ಥ್ಯ’ ಪಾಠಕ್ಕೆ ಮಲೆನಾಡಿನ ಮಕ್ಕಳು ದಿನವೂ ನೋಡುವ ಉದಾಹರಣೆಯನ್ನೇ ಆರಿಸಿಕೊಂಡೆ. ಟ್ರ್ಯಾಕ್ಟರ್ ಮತ್ತು ಗೊಬ್ಬರ ಹೇರಿದ ಟ್ರೇಲರ್ ಸೇರಿ 6000 ಕೆ.ಜಿ. ಘಾಟಿ ರಸ್ತೆಯಲ್ಲಿ 10 ಮೀಟರ್ ಸಾಗಿದರೆ 1 ಮೀಟರ್ ಏರು. 35 ಎಚ್‌ಪಿ ಎಂಜಿನ್ ಸಾಕೇ?

ಕೆಲವರು ಸಾಕೆಂದರು, ಕೆಲವರು ಸಾಲದೆಂದರು. ‘ಎಷ್ಟು ವೇಗವಾಗಿ ಹತ್ತಬೇಕು?’ ಎಂದು ಮರುಪ್ರಶ್ನೆ ಹಾಕಿದೆ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ, ಏರಿಗಷ್ಟೇ ಬೇಕಾದ ಬಲ 6000 ನ್ಯೂಟನ್. ಸೆಕೆಂಡಿಗೆ 3 ಮೀಟರ್ ವೇಗಕ್ಕೆ 18 ಕಿಲೋವ್ಯಾಟ್, ಅಂದರೆ ಸುಮಾರು 24 ಎಚ್‌ಪಿ. 6 ಮೀಟರ್ ವೇಗಕ್ಕೆ ಸುಮಾರು 48. ಘರ್ಷಣೆಯ ಲೆಕ್ಕ ಇನ್ನೂ ಬೇರೆ. ಎಂಜಿನ್ ಸಣ್ಣದಾದರೆ ಕೆಳ ಗೇರಿನಲ್ಲಿ ನಿಧಾನವಾಗಿ ಹತ್ತಬೇಕು: ಬಲ ಹೆಚ್ಚುತ್ತದೆ, ವೇಗ ಇಳಿಯುತ್ತದೆ.

‘ಹಾಗಾದ್ರೆ ನಿಧಾನಕ್ಕೆ ಹೋದ್ರೆ ಎಷ್ಟು ಭಾರ ಬೇಕಾದ್ರೂ ಎಳೀಬಹುದಾ ಸರ್?’ ಎಂದು ಒಬ್ಬಳು ಕೇಳಿದಳು. ಪಾಠದ ತಿರುಳು ಇಲ್ಲಿದೆ. ಹೊರೆ ಮಿತಿಮೀರಿದರೆ ಹಿಂದಿನ ಚಕ್ರ ಜಾರುತ್ತದೆ, ಮುಂದಿನ ಚಕ್ರ ಮೇಲೇಳುತ್ತದೆ. ಇಳಿಯುವಾಗ ಅದೇ 6000 ನ್ಯೂಟನ್ ಬಲ ಗಾಡಿಯನ್ನು ಕೆಳಕ್ಕೆ ಎಳೆಯುತ್ತದೆ. ಆಗ ಕಾಯುವುದು ಬ್ರೇಕ್ ಮತ್ತು ಕೆಳ ಗೇರ್, ಎಚ್‌ಪಿ ಅಲ್ಲ.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: ಸೂತ್ರ ಬರೆಯುವ ಮೊದಲು ‘ಎಷ್ಟು ಹೊತ್ತಿನಲ್ಲಿ?’ ಎಂದು ಕೇಳಿ. ಬಲ ಮತ್ತು ಸಾಮರ್ಥ್ಯದ ವ್ಯತ್ಯಾಸ ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.