ಲಾರಿ ಹಾಯ್ದರೆ ಪರಿಹಾರಕ್ಕೆ ಸಾಕ್ಷಿ ಯಾವುದು?

ಕಬ್ಬಿನ ಹಂಗಾಮಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ರಸ್ತೆಗಳಲ್ಲಿ ನಸುಕಿಗೇ ಡೇರಿಗೆ ಹಾಲು ಒಯ್ಯುವ ತಾಯಂದಿರೇ, ಲಾರಿಯೋ ಟ್ರ್ಯಾಕ್ಟರೋ ಹಾಯ್ದು ಗಾಯವಾದರೆ ಪರಿಹಾರಕ್ಕೆ ಸಾಕ್ಷಿ ಬೇಕು. ಟ್ರ್ಯಾಲಿಯ ಹಿಂದೆ ರೇಡಿಯಂ ಪಟ್ಟಿ ಇತ್ತೇ, ಕೆಂಪು ದೀಪ ಉರಿಯುತ್ತಿತ್ತೇ? ಗಾಡಿ ಸರಿಸುವ ಮೊದಲೇ ಜೊತೆಗಿದ್ದವರು ಫೋಟೊ ತೆಗೆಯಲಿ. ಲಾರಿಯಲ್ಲಿ ಜಿಪಿಎಸ್ ಇದ್ದರೆ ವೇಗದ ದಾಖಲೆ ತೆಗೆಸಿರೆಂದು ಪೊಲೀಸರಿಗೆ ಕೂಡಲೇ ಬರೆದುಕೊಡಿ, ತಡವಾದರೆ ಅಳಿಸಿಹೋಗಬಹುದು.

‘ಮನೆಯಲ್ಲೇ ಇರುವ ಹೆಂಗಸು, ದುಡಿಮೆ ಎಲ್ಲಿ?’ ಎಂಬ ವಾದ ಬಂದೀತು. ಮನೆಗೆಲಸಕ್ಕೂ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಹಾಲಿನ ಆದಾಯಕ್ಕೆ ಸಂಘದ ಪಾಸ್‌ಬುಕ್ಕೇ ಗಟ್ಟಿ ಆಧಾರ. ಎಮ್ಮೆ ಕರೆಯುವವರು ನೀವು, ಪುಸ್ತಕ ಮಾತ್ರ ಗಂಡನ ಹೆಸರಿನಲ್ಲಿದೆಯೇ? ನಿಮ್ಮ ಹೆಸರಿನಲ್ಲೇ ಸದಸ್ಯತ್ವ ಮಾಡಿಸಿಕೊಳ್ಳಿ. ಅಪಘಾತವಾದ 6 ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿ.