ಕೆಜಿಎಫ್ ಮನೆಗಳ ಗವಾಕ್ಷಿ

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಹೋಗಿ ಕೆಜಿಎಫ್‌ನ ಹಳೆಯ ಮನೆಗಳಲ್ಲಿ ವೈರಿಂಗ್, ರಿಪೇರಿ ಮಾಡುವುದು ಬಹಳ ಕಾಲದಿಂದ ನನ್ನ ಕಸುಬು. ಊರಗಾಂ ಕಡೆಯ ಬಂಗಲೆಯಿರಲಿ, ಕಾರ್ಮಿಕರ ಲೈನ್ ಮನೆಯಿರಲಿ, ಕರೆಂಟ್ ಬಿಲ್ ಜಾಸ್ತಿ ಎಂದು ಕರೆದವರ ಮನೆಯಲ್ಲಿ ನಾನು ಮೊದಲು ನೋಡುವುದು ಗೋಡೆಯ ಮೇಲಿನ ಗವಾಕ್ಷಿಯನ್ನು. ಎಷ್ಟೋ ಕಡೆ ಅದು ಮುಚ್ಚಿರುತ್ತದೆ.

ಮುಚ್ಚಿದವರನ್ನು ದೂರುವಂತಿಲ್ಲ. ಜೋರು ಗಾಳಿ ಎದ್ದರೆ ಸೈನೈಡ್ ದಿಬ್ಬಗಳ ಧೂಳು ಊರಿಗೆ ನುಗ್ಗುತ್ತದೆ. ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆಯ ಪುಡಿ ಅದು. ಊಟದ ತಟ್ಟೆಗೂ ಬೀಳುತ್ತದೆ, ಮಕ್ಕಳ ಎದೆಗೂ ಇಳಿಯುತ್ತದೆ. ಹಾಗಾಗಿ ಮೊದಲು ರಟ್ಟು, ಆಮೇಲೆ ಹಲಗೆ, ಕೊನೆಗೆ ಇಟ್ಟಿಗೆ. ಬಿಸಿಗಾಳಿ ಹೊರಹೋಗುವ ದಾರಿ ಕಟ್ಟಿತೆಂದರೆ ದಿನವಿಡೀ ಫ್ಯಾನು, ಹಗಲಲ್ಲೇ ದೀಪ, ಕೈಲಾದವರಿಗೆ ಏಸಿ. ಇಟ್ಟಿಗೆ ತೆಗೆಸಿ, ಹಗ್ಗದಿಂದ ಎಳೆದು ಮುಚ್ಚುವಂಥ ಗಾಜಿನ ಬಾಗಿಲು ಕೂಡಿಸುತ್ತೇನೆ. ಧೂಳಿನ ಹೊತ್ತಿನಲ್ಲಿ ಮುಚ್ಚಿದರೂ ಬೆಳಕು ಬರುತ್ತದೆ. ಗಾಳಿ ಇಳಿದ ರಾತ್ರಿ ತೆರೆದರೆ ಮನೆಯ ಕಾವೆಲ್ಲ ಹೊರಗೆ.

ಮಂಗಳೂರು ಹೆಂಚು ಇಳಿಸಿ ಸಿಮೆಂಟ್ ಶೀಟು ಹೊದಿಸುವವರ ಜೊತೆ ಈಗಲೂ ವಾದ ಮಾಡುತ್ತೇನೆ. ಒಡೆದ ಹೆಂಚನ್ನಷ್ಟೇ ಬದಲಿಸಿ, ಕೆಳಗೊಂದು ಸೀಲಿಂಗ್ ಹೆಂಚಿನ ಸಾಲು ಕೂಡಿಸಿದರೆ ಎರಡರ ನಡುವಿನ ಗಾಳಿಯೇ ಬಿಸಿಲನ್ನು ತಡೆಯುತ್ತದೆ. ಅಡುಗೆಮನೆಗೆ ಒಂದು ಗಾಜಿನ ಹೆಂಚು ಸಾಕು. ಗಾರೆ ಗೋಡೆಗೂ ಸಿಮೆಂಟ್ ಮೆತ್ತಬಾರದು. ಒಳಗಿನ ತೇವ ಅಲ್ಲೇ ನಿಂತು ಗೋಡೆ ಉದುರುತ್ತದೆ. ಸುಣ್ಣವೇ ಸರಿ.

ಇಷ್ಟಾದ ಮೇಲೆ ಫ್ಯಾನು, ದೀಪ. 75 ವ್ಯಾಟ್ ಎಳೆಯುವ ಹಳೆಯ ಫ್ಯಾನಿನ ಜಾಗದಲ್ಲಿ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟಿನಲ್ಲಿ ತಿರುಗುತ್ತದೆ. ಗೋಡೆ ಕೊರೆಯುವ ಅಗತ್ಯವೂ ಇಲ್ಲ.

ಇಲ್ಲಿನ ಕರೆಂಟಿಗೆ ದೊಡ್ಡ ಚರಿತ್ರೆಯಿದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಂಥ ಊರಿನ ಮನೆಗಳು ಸೋಲಾರ್‌ಗೂ ಮೊದಲಾಗಲಿ ಎಂಬ ಆಸೆ ನನಗಿದೆ. ಹಳೆಯ ತೊಲೆಗಳ ಮೇಲೆ ಪ್ಯಾನೆಲ್ ಹೊರಿಸಲು ಮಾತ್ರ ನಾನು ಒಪ್ಪುವುದಿಲ್ಲ. ಬಂಗಲೆಗಳ ಹಿತ್ತಲಲ್ಲಿ ಸ್ಟ್ಯಾಂಡ್ ಹಾಕಲು ಬೇಕಾದಷ್ಟು ಜಾಗವಿದೆ.

ಲೈನ್ ಮನೆಗೆ ಅಂಥ ಹಿತ್ತಲಿಲ್ಲ. ಪಿಎಂ ಸೂರ್ಯಘರ್ ಸಹಾಯಧನಕ್ಕೆ ಮನೆ ಸ್ವಂತದ್ದಾಗಿರಬೇಕು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೂ ಕ್ವಾರ್ಟರ್ಸಿನಲ್ಲೇ ಉಳಿದು, ಮನೆಯಿನ್ನೂ ತಮ್ಮ ಹೆಸರಿಗಾಗದವರು ಆ ಅರ್ಜಿ ಹಾಕುವಂತಿಲ್ಲ. ಹಕ್ಕುಪತ್ರ ಕೈಗೆ ಬಂದರೆ ಅವರು ಹೆಂಚಿಗೂ ಧೈರ್ಯವಾಗಿ ದುಡ್ಡು ಹಾಕುತ್ತಾರೆ. ಅಲ್ಲಿಯವರೆಗೆ ಅವರ ಮನೆಯಲ್ಲಿ ಗವಾಕ್ಷಿ, ಗಾಜಿನ ಹೆಂಚು, ಫ್ಯಾನು, ಇದೇ ಕ್ರಮದಲ್ಲಿ ಕೆಲಸ ಹಿಡಿಯುತ್ತೇನೆ.