ಸಮುದ್ರದ ತಳದ ಎಂಜಿನ್ ಯಾವ ವಿಮಾನದ್ದು?

ಎರಡನೇ ಮಹಾಯುದ್ಧ ಮುಗಿದಾಗ ಸಾವಿರಾರು ಯುದ್ಧವಿಮಾನಗಳು ಯಾರಿಗೂ ಬೇಡವಾದವು. ಪೆಸಿಫಿಕ್ ಸಾಗರದ ಕ್ವಾಜಲೀನ್‌ನಲ್ಲಿ ಅಮೆರಿಕದವರು ಸುಮಾರು 150 ವಿಮಾನಗಳನ್ನು ನೀರಿಗೆ ತಳ್ಳಿಬಿಟ್ಟರು. ನಮ್ಮ ಕಾನ್ಪುರದಲ್ಲಿ ಲಿಬರೇಟರ್ ಬಾಂಬರುಗಳನ್ನು ಕೆಡಿಸಿ ಬಯಲಲ್ಲೇ ಬಿಟ್ಟುಹೋದರು. ಆ ರಾಶಿಯಿಂದ ಒಂದೊಂದನ್ನೇ ಹಾರುವಷ್ಟರ ಮಟ್ಟಿಗೆ ರಿಪೇರಿ ಮಾಡಿ, 1948ರಿಂದ ಬೆಂಗಳೂರಿನ ಎಚ್‌ಎಎಲ್‌ಗೆ ಹಾರಿಸಿಕೊಂಡು ಬಂದವರು ಪೈಲಟ್ ಜಮ್ಶೆಡ್ ಮುನ್ಶಿ. ಅವು ವಾಯುಪಡೆಯಲ್ಲಿ 1968ರವರೆಗೆ ದುಡಿದವು.

ನೀರಿಗೆ ಬಿದ್ದವುಗಳ ಕಥೆ ಬೇರೆ. ದ್ವಿತೀಯ ಪಿಯುಸಿಯ ವಿದ್ಯುದ್ರಸಾಯನ ಪಾಠವನ್ನು ನೆನಪಿಸಿಕೊಳ್ಳಿ. ಮೆಗ್ನೀಸಿಯಂ −2.37 ವೋಲ್ಟ್, ಅಲ್ಯೂಮಿನಿಯಂ −1.66, ಕಬ್ಬಿಣ −0.44. ಹಾಗಾಗಿ ಉಪ್ಪುನೀರಿನಲ್ಲಿ ಮೆಗ್ನೀಸಿಯಂ ಭಾಗಗಳು ಮೊದಲು ಕರಗುತ್ತವೆ. ಉಕ್ಕಿನ ಬೋಲ್ಟ್ ತಗುಲಿರುವ ಕಡೆ ಅಲ್ಯೂಮಿನಿಯಂ ಆನೋಡ್ ಆಗಿ ಸವೆಯುತ್ತದೆ. ಬಣ್ಣದಲ್ಲಿ ಬರೆದ ಸಂಖ್ಯೆ ಹೋದರೂ ಲೋಹಕ್ಕೆ ಒತ್ತಿದ ಸಂಖ್ಯೆ ಎಷ್ಟೋ ಸಲ ಉಳಿದಿರುತ್ತದೆ. ಅದು 300ರಿಂದ ಶುರುವಾದರೆ ಮೊದಲ ಮಾದರಿಯ ಸ್ಪಿಟ್‌ಫೈರ್‌ಗಾಗಿ ಬರೆದ ನಕ್ಷೆಯ ಭಾಗವಿರಬಹುದು.

ಸಂಖ್ಯೆಯೇ ಇಲ್ಲದಿದ್ದರೆ? ಶಿವಾಜಿನಗರದ ಗುಜರಿ ಅಂಗಡಿಯವರು ಬಿಡಿಭಾಗವನ್ನು ಕೈಗೆತ್ತಿಕೊಂಡೇ ಗಾಡಿಯ ಹೆಸರು ಹೇಳುತ್ತಾರೆ. ನಾವು ಅಳತೆಪಟ್ಟಿ ಹಿಡಿಯೋಣ. ಎರಡು ಸಾಲಿನಲ್ಲಿ 14 ಸಿಲಿಂಡರುಗಳಿವೆ, ಒಳವ್ಯಾಸ 139.7 ಮಿ.ಮೀ., ಪಿಸ್ಟನ್ ಚಲಿಸುವ ದೂರವೂ ಅಷ್ಟೇ ಎಂದುಕೊಳ್ಳಿ. ಒಂದು ಸಿಲಿಂಡರಿನ ಗಾತ್ರ ಸುಮಾರು 2,141 ಘನ ಸೆಂ.ಮೀ.; ಹದಿನಾಲ್ಕಕ್ಕೆ 30 ಲೀಟರ್. ಘನ ಇಂಚಿಗೆ ತಿರುಗಿಸಿದರೆ ಹೆಚ್ಚುಕಡಿಮೆ 1830. ಪ್ರಾಟ್ ಅಂಡ್ ವಿಟ್ನಿ ಆರ್-1830 ಎಂಬ ಹೆಸರೇ ಅಲ್ಲಿಂದ ಬಂದದ್ದು! ಒಳವ್ಯಾಸ 146 ಮಿ.ಮೀ., ಸಿಲಿಂಡರು 18 ಇದ್ದರೆ ಅದು ಆರ್-2800. ಕೋರ್ಸೇರ್, ಥಂಡರ್‌ಬೋಲ್ಟ್ ವಿಮಾನಗಳದ್ದು. ತುಕ್ಕು ಒಂದೆರಡು ಮಿ.ಮೀ. ತಿಂದಿರಬಹುದಾದ್ದರಿಂದ ನಾಲ್ಕಾರು ಕಡೆ ಅಳೆಯಬೇಕು, ಸಿಲಿಂಡರುಗಳನ್ನೂ ಎಣಿಸಬೇಕು.

ಇಷ್ಟಾದರೂ ವಿಮಾನ ಸಿಕ್ಕಿತು ಎನ್ನುವಂತಿಲ್ಲ. ಆರ್-1830 ಲಿಬರೇಟರಿನಲ್ಲೂ ಇತ್ತು, ಡಕೋಟಾದಲ್ಲೂ ಇತ್ತು, ಯುದ್ಧಕಾಲದಲ್ಲಿ ಎಚ್‌ಎಎಲ್ ರಿಪೇರಿಗಾಗಿ ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದ ಕ್ಯಾಟಲೀನಾದಲ್ಲೂ ಇತ್ತು. ಟರ್ಬೊ ಸೂಪರ್‌ಚಾರ್ಜರ್ ಜೊತೆಗಿದ್ದರೆ ಲಿಬರೇಟರ್ ಕಡೆಗೆ ವಾಲಬಹುದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಹೆಸರಿನದಲ್ಲ. ಈ ವಿಮಾನವನ್ನು ಎಸೆದರೋ, ಅದು ತಾನೇ ಬಿತ್ತೋ? ಎಸೆದದ್ದರಲ್ಲಿ ಜನರಿರಲಿಲ್ಲ. ಬಿದ್ದದ್ದರಲ್ಲಿ ಇದ್ದಿರಬಹುದು, ಅವರ ಮನೆಯವರಿಗೆ ಇಂದಿಗೂ ಸುದ್ದಿ ತಲುಪಿರಲಿಕ್ಕಿಲ್ಲ. ಎಂಜಿನ್ ತಿರುಗುತ್ತಿರುವಾಗಲೇ ನೀರಿಗೆ ಬಡಿದರೆ ಪ್ರೊಪೆಲರ್ ರೆಕ್ಕೆಗಳು ಬಾಗುತ್ತವೆ. ಎಸೆಯುವ ಮೊದಲು ರೇಡಿಯೊ, ಮೀಟರು, ಬಂದೂಕುಗಳನ್ನು ಸಾಮಾನ್ಯವಾಗಿ ಬಿಚ್ಚಿಕೊಳ್ಳುತ್ತಿದ್ದರು. ರೆಕ್ಕೆ ಬಾಗಿದ್ದು, ಮೀಟರುಗಳೂ ಜಾಗದಲ್ಲೇ ಇದ್ದರೆ ಮುಳುಗುಗಾರರು ಅಳತೆಯನ್ನು ನಿಲ್ಲಿಸಿ, ಏನನ್ನೂ ಕದಲಿಸದೆ, ಫೋಟೊ ತೆಗೆದು ಮೇಲೆ ಬಂದು ಸರ್ಕಾರಕ್ಕೆ ತಿಳಿಸಬೇಕು. ಅದು ಕಬರ್ ಆಗಿರಬಹುದು.